ದಿನದ ಓಡಾಟಕ್ಕೊಂದು ಕಾರು

ಶೋರೂಮಿನ ಹುಡುಗಿ "ಮೇಡಂ ಕೂಡ ಒಂದು ಸುತ್ತು ಓಡಿಸಿ ನೋಡ್ತಾರಾ ಸರ್?" ಎಂದು ಪಕ್ಕದಲ್ಲಿ ನಿಂತಿದ್ದ ಹೆಂಡತಿಯತ್ತ ನೋಡಿ ಕೇಳಿದ್ದಕ್ಕೆ ಗಂಡ ನಕ್ಕ. ನಗುವಾಗ ಅವನ ಬಾಯಿಯ ಮೂಲೆಯಲ್ಲಿ ಬಿಳಿ ನೊರೆ ಕಟ್ಟುತ್ತಿತ್ತು. ಅದನ್ನು ಹೆಬ್ಬೆರಳಿನಿಂದ ಒರೆಸಿ, ಅದೇ ಬೆರಳನ್ನು ಹೊಸ ಕಾರಿನ ಸ್ಟೀರಿಂಗ್ ಮೇಲೆ ಇಟ್ಟ.

"ಇವಳ ಕೈಗೆ ಕೊಡ್ಬೇಡಿ ತಾಯಿ. ಆಗ್ಲೇ ಒಬ್ಬರನ್ನ ಉರುಳಿಸಿ ಬಂದಿದ್ದಾಳೆ. ಲೈಸೆನ್ಸೂ ಕಿತ್ಕೊಂಡಿದ್ದಾರೆ. ಅಲ್ವೇನೇ?"

ಹುಡುಗಿ ಒಮ್ಮೆ ಅವಳ ಮುಖ ನೋಡಿ ಬೇಗನೆ ಕೈಯಲ್ಲಿದ್ದ ಬಣ್ಣದ ಕಾಗದಗಳತ್ತ ಕಣ್ಣು ತಿರುಗಿಸಿದಳು.

"ಹೌದು" ಎಂದಳು ಅವಳು.

ಈ ಹೌದನ್ನು ಎಷ್ಟೋ ಕಡೆ ಹೇಳಿದ್ದಳು. ಆದರೆ ಪ್ರತಿ ಸಲವೂ ಅವನ ಕಣ್ಣಲ್ಲಿ ಏನಾದರೂ ಒಂದು ಅಳುಕು, ಕಡೇಪಕ್ಷ ಒಂದು ಕಳ್ಳನೋಟ ಸಿಗಬಹುದೆಂದು ಹುಡುಕುತ್ತಿದ್ದಳು. ಅವತ್ತೂ ಹುಡುಕಿದಳು. ಏನೂ ಇರಲಿಲ್ಲ. ಸುಳ್ಳನ್ನು ಅವನು ಊಟದಂತೆ ಜಗಿದು, ನುಂಗಿ, ಅರಗಿಸಿಕೊಂಡುಬಿಟ್ಟಿದ್ದ. ಅದೀಗ ಅವನ ಮೈಯ ಮಾಂಸವಾಗಿತ್ತು.

ನಿಜ ಗೊತ್ತಿದ್ದದ್ದು ಇಬ್ಬರಿಗೆ ಮಾತ್ರ. ಎರಡು ಚಳಿಗಾಲದ ಹಿಂದೆ ಅವನ ಅಕ್ಕನ ಮನೆಯಲ್ಲಿ ಊಟ ಮುಗಿಸಿ ಬರುವಾಗ ಕಾರು ಓಡಿಸುತ್ತಿದ್ದವನು ಅವನು. ಕುಡಿದಿದ್ದ. ಬೇಕರಿಯ ತಿರುವಿನಲ್ಲಿ ಸೈಕಲ್ ಮೇಲೆ ಹೋಗುತ್ತಿದ್ದ ಹೆಂಗಸಿಗೆ ಗುದ್ದಿ, ಸ್ವಲ್ಪ ಮುಂದೆ ಹೋಗಿ ನಿಲ್ಲಿಸಿದ. "ಈ ಕಡೆ ಬಾ, ಬೇಗ. ನೀನು ಕುಡಿದಿಲ್ಲ. ಹೆಂಗಸು ಅಂತ ನಿನ್ನ ಬಿಟ್ಬಿಡ್ತಾರೆ. ನನ್ನ ಲೈಸೆನ್ಸ್ ಹೋದ್ರೆ ಇಬ್ಬರೂ ಮಣ್ಣು ತಿನ್ಬೇಕಾಗತ್ತೆ." ಊರೂರು ಸುತ್ತಿ ನಲ್ಲಿ, ಕಮೋಡು, ವಾಶ್‌ಬೇಸಿನ್ನುಗಳಿಗೆ ಆರ್ಡರ್ ತರುವುದು ಅವನ ಕೆಲಸ. ಅವಳು ಗೇರಿನ ಕೋಲು ದಾಟಿ ಅವನ ಸೀಟಿಗೆ ಜರುಗಿದಳು. ಸೀಟು ಬೆಚ್ಚಗಿತ್ತು. ಅವನ ಆ ಬಿಸಿ ಅವಳ ತೊಡೆಗೆ ಅಂಟಿಕೊಂಡದ್ದು ಎಷ್ಟು ಸ್ನಾನ ಮಾಡಿದರೂ ಹೋಗಿರಲಿಲ್ಲ.

ಆ ಹೆಂಗಸು ಬದುಕಿಕೊಂಡಳು. ಹೊಲಿಗೆಯವಳು. ಈಗ ಒಂದು ಕಾಲನ್ನು ಎಳೆದುಕೊಂಡು ನಡೆಯುತ್ತಾಳೆ, ಮೆಷಿನ್ನು ತುಳಿಯಲಾರಳು. ಮಾರ್ಕೆಟ್ಟಿನಲ್ಲಿ ಎದುರಾದರೆ ಗೋಡೆಗೆ ಒತ್ತಿಕೊಂಡು ದಾರಿ ಬಿಡುತ್ತಾಳೆ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಆದರೆ ಆ ಹೆಂಗಸು ಹೆದರುತ್ತಾಳೆ. ತನ್ನನ್ನು ನೋಡಿ ಒಂದು ಜೀವ ಗೋಡೆಗೆ ಒತ್ತಿಕೊಳ್ಳುತ್ತದೆ ಎಂಬುದನ್ನು ಹೊತ್ತುಕೊಂಡು ಅವಳು ತರಕಾರಿ ಕೊಂಡು ಮನೆಗೆ ಬರುತ್ತಿದ್ದಳು. ಆಗಾಗ ಮನೆಗೆ ಬಂದು ಕೂರುವ ಅತ್ತಿಗೆ, ಅಂದರೆ ಗಂಡನ ಅಕ್ಕ, "ಬಂದ್ಲಪ್ಪ ಡ್ರೈವರಮ್ಮ" ಎನ್ನುತ್ತಿದ್ದಳು. ಗಂಡ ನಗುತ್ತಿದ್ದ.

ಆ ಸುಳ್ಳನ್ನು ದಿನಾ ಹೊಸದಾಗಿ ಹೇಳುವ ಅವನ ಬಾಯಿ ಮುಚ್ಚಬೇಕು ಎಂದು ಅವಳಿಗೆ ಶೋರೂಮಿನಲ್ಲಿ, ಆ ಒದ್ದೆ ಹೆಬ್ಬೆರಳಿನ ಗುರುತು ನೋಡುತ್ತ ನಿಂತಾಗ ಅನ್ನಿಸಿತು. ಅನ್ನಿಸಿದ್ದಕ್ಕೆ ಗಾಬರಿಯಾಗಲಿಲ್ಲ. ಗಂಟಲಲ್ಲಿ ಸಿಕ್ಕಿಕೊಂಡಿದ್ದ ಅಸಹ್ಯ ತಲೆಗೆ ಏರಿ ತಣ್ಣಗೆ ಕುಳಿತಂತಾಯಿತು.

ಕಾರಿನ ಆಯ್ಕೆ ತಿಂಗಳುಗಟ್ಟಲೆ ನಡೆದಿತ್ತು. ಬೇಕಾದದ್ದು ನಾಲ್ಕು ಚಕ್ರಕ್ಕೂ ಶಕ್ತಿ ಹಾಯುವ ಕಾರು, ಆಲ್ ವೀಲ್ ಡ್ರೈವ್. ಓಟದ ಕಾರಿನ ಗತ್ತಿರಬೇಕು, ಆದರೆ ದಿನಾ ಕೆಲಸಕ್ಕೆ ಹೋಗಲೂ ಆಗಬೇಕು. ರಾತ್ರಿ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು, ಕಿತ್ತಳೆ ಸುಲಿಯುತ್ತ, ಬೀಜವನ್ನು ಅಂಗೈಗೆ ಉಗಿಯುತ್ತ ವಿಡಿಯೋ ನೋಡುತ್ತಿದ್ದ. ಕೀಲಿಗಳೆಲ್ಲ ಅಂಟು. "ನೋಡೇ, ಸೊನ್ನೆಯಿಂದ ನೂರಕ್ಕೆ ಹೋಗೋದು ನೋಡೇ" ಎಂದು ಅವಳ ತೋಳು ಹಿಡಿದು ಎಳೆಯುತ್ತಿದ್ದ. ಅವಳ ತೋಳಿನ ಮೇಲೂ ಅಂಟು.

ಮೊದಮೊದಲು ಅವಳು ಕೇಳಿಸಿಕೊಂಡವಳಂತೆ ನಟಿಸುತ್ತಿದ್ದಳು. ಶೋರೂಮಿನಿಂದ ಬಂದ ಮೇಲೆ ನಿಜವಾಗಿ ಕೇಳಿಸಿಕೊಂಡಳು. ಅವನು ಮಲಗಿದ ಮೇಲೆ ಅವನು ಬಿಟ್ಟುಬಿಟ್ಟ ಭಾಗಗಳನ್ನೂ ಓದಿದಳು. ಅವನು ಯಾವಾಗಲೂ ಒಂದೇ ಭಾಗ ಬಿಡುತ್ತಿದ್ದ: ಟೈರಿನದ್ದು. ಟೈರಿನ ಮಾತು ಬಂದರೆ ಬೆರಳಿನಿಂದ ವಿಡಿಯೋವನ್ನು ಮುಂದಕ್ಕೆ ತಳ್ಳುತ್ತಿದ್ದ.

ಅವಳಿಗೆ ಅದು ಅರ್ಥವಾಗುವ ವಿಷಯವೇ. ಅವಳು ಕೆಲಸ ಮಾಡುವುದು ಕನ್ನಡಕದ ಗಾಜು ಉಜ್ಜುವ ವರ್ಕ್‌ಶಾಪಿನಲ್ಲಿ. ಎರಡು ಮೈಗಳು ಒಂದಕ್ಕೊಂದು ತಾಗಿದಾಗ ಏನಾಗುತ್ತದೆ, ನಡುವೆ ನೀರಿನ ತೆಳುಪರೆ ಬಂದರೆ ಏನಾಗುತ್ತದೆ ಎಂಬುದು ಅವಳ ಬೆರಳಿಗೆ ಗೊತ್ತು. ಓದುತ್ತ ಹೋದಂತೆ ಒಂದು ಸಂಗತಿ ಸ್ಪಷ್ಟವಾಯಿತು. ನಾಲ್ಕು ಚಕ್ರಕ್ಕೂ ಶಕ್ತಿ ಕೊಡುವ ಕಾರು ಒದ್ದೆ ರಸ್ತೆಯಲ್ಲೂ ಚೆನ್ನಾಗಿ ಹೊರಡುತ್ತದೆ, ಚೆನ್ನಾಗಿ ನುಗ್ಗುತ್ತದೆ. ನಿಲ್ಲುವಾಗ ಮಾತ್ರ ಅದು ಎಲ್ಲ ಕಾರಿನಂತೆಯೇ. ಬ್ರೇಕ್ ಒತ್ತಿದಾಗ, ತಿರುವಿನಲ್ಲಿ ವಾಲಿದಾಗ, ಕಾರನ್ನು ಹಿಡಿದಿಡುವುದು ಟೈರು ಮಾತ್ರ. ಗಂಡನಿಗೆ ಇದು ಗೊತ್ತಿರಲಿಲ್ಲ. ಗೊತ್ತಿಲ್ಲ ಎಂಬುದೂ ಗೊತ್ತಿರಲಿಲ್ಲ. "ನಾಲ್ಕೂ ಕಾಲಲ್ಲಿ ಹಿಡ್ಕೊಳತ್ತೆ ಕಣೇ, ಹಲ್ಲಿ ಥರ" ಎನ್ನುತ್ತಿದ್ದ.

ಉಳಿದದ್ದು ಮೂರು ಕಾರು. ಒಂದು ಉದ್ದನೆಯ, ಹಿಂದೆ ಸಾಮಾನು ತುಂಬುವ ಸ್ಟೇಷನ್ ವ್ಯಾಗನ್. ಭಾರದ್ದು, ಸಂಯಮದ್ದು, ಜಾರುವ ಮೊದಲೇ ತಾನೇ ವೇಗ ಇಳಿಸಿಬಿಡುವಂಥದ್ದು. ಎರಡನೆಯದು ಬ್ಯಾಟರಿಯದು. ಅದು ಓಡಿಸುವವನ ಕಣ್ಣನ್ನೂ ನೋಡುತ್ತಿರುತ್ತದೆ, ಎಲ್ಲವನ್ನೂ ಬರೆದಿಟ್ಟುಕೊಳ್ಳುತ್ತದೆ, ಚಾಡಿಕೋರ ಕಾರು. ಮೂರನೆಯದು ನೀಲಿ ಬಣ್ಣದ ಗಿಡ್ಡ ಕಾರು. ಪೆಟ್ರೋಲಿನದು. ಅದರಲ್ಲಿ ಒಂದು ಗುಂಡಿ ಒತ್ತಿದರೆ ಕಾರಿನ ವಿವೇಕವೆಲ್ಲ ಮಲಗಿಬಿಡುತ್ತದೆ. ಆ ಗುಂಡಿಗೆ ಕಂಪನಿಯವರು ಇಟ್ಟ ಹೆಸರು 'ಆಟ'. ಅಗಲ ಚಕ್ರ. ಓಟದ ಮೈದಾನಕ್ಕೆಂದೇ ಮಾಡಿದ ಟೈರುಗಳೂ ಅದಕ್ಕೆ ಕೂರುತ್ತವೆ.

ಅವನನ್ನು ನೀಲಿ ಕಾರಿನತ್ತ ತಳ್ಳುವುದು ಕಷ್ಟವಾಗಲಿಲ್ಲ. ಉಳಿದೆರಡನ್ನು ಹೊಗಳಿದರೆ ಸಾಕಿತ್ತು.

"ಆ ಉದ್ದದ್ದು ಚೆನ್ನಾಗಿದೆ ರೀ. ಮಂಚ ಕೂಡ ಸಾಗಿಸಬಹುದು. ಅತ್ತಿಗೆಗೆ ಹತ್ತೋಕೆ ಇಳಿಯೋಕೆ ಸಲೀಸು."

"ನಾನೇನು ಮಂಚದ ವ್ಯಾಪಾರ ಮಾಡ್ತೀನಾ?"

"ಹಾಗಾದ್ರೆ ಬ್ಯಾಟರೀದು ತಗೊಳ್ಳಿ. ಸದ್ದೇ ಇಲ್ಲ. ನೀವು ಕಣ್ಣು ಮುಚ್ಚಿದ್ರೆ ಎಬ್ಬಿಸತ್ತಂತೆ."

"ಎಬ್ಬಿಸೋಕೆ ಮನೇಲಿ ನೀನಿದ್ದೀಯಲ್ಲ, ಸಾಕು." ಕಿತ್ತಳೆಯ ತೊಳೆಯನ್ನು ಬಾಯಿಗೆಸೆದುಕೊಂಡು ಅವನು ನೀಲಿ ಕಾರಿನ ಚಿತ್ರವನ್ನು ದೊಡ್ಡದು ಮಾಡಿದ. "ಇದು ನೋಡು. ಇದು ಕಾರು."

"ದಿನಾ ಓಡಾಡೋಕೆ ಇದು ಗಡಸಾಗಲ್ವಾ? ಬೆನ್ನು ಹಿಡ್ಕೊಳತ್ತೆ."

"ಗಂಡಸಿನ ಬೆನ್ನು ಕಣೇ ಇದು."

ನೀಲಿ ಕಾರು ಬಂತು. ಅವನು ಅದನ್ನು ದಿನಾ ಮೂಸುತ್ತಿದ್ದ. ನಿಜವಾಗಿಯೇ ಮೂಸುತ್ತಿದ್ದ, ಬಾಗಿಲು ತೆರೆದು, ಸೀಟಿನ ಚರ್ಮಕ್ಕೆ ಮೂಗು ತಾಗಿಸಿ, ಕಣ್ಣು ಮುಚ್ಚಿ. ಅಡುಗೆಮನೆಯ ಕಿಟಕಿಯಿಂದ ನೋಡುತ್ತ ನಿಂತ ಅವಳಿಗೆ ತನ್ನ ಕತ್ತಿನ ಹಿಂಭಾಗ ಮುಳ್ಳೇಳುತ್ತಿತ್ತು. ಮದುವೆಯಾದ ಹೊಸತರಲ್ಲಿ ಅವಳನ್ನು ಹೀಗೇ ಮೂಸುತ್ತಿದ್ದ.

ಯೋಜನೆಯ ಸೊಗಸೆಂದರೆ ಅದರಲ್ಲಿ ಅಪರಾಧವೇ ಇರಲಿಲ್ಲ. ಬ್ರೇಕಿನ ಕೊಳವೆ ಕೊಯ್ಯುವುದು, ನಟ್ಟು ಸಡಿಲಿಸುವುದು ದಡ್ಡರ ಕೆಲಸ. ಬಿಚ್ಚಿ ನೋಡಿದವರಿಗೆ ಸಿಕ್ಕೇ ಸಿಗುತ್ತದೆ. ಅವಳು ಅವನ ಹುಟ್ಟುಹಬ್ಬಕ್ಕೆ ಉಡುಗೊರೆ ಕೊಡುತ್ತಾಳೆ, ಅಷ್ಟೇ. ಕಾರಿನ ಜೊತೆ ಬಂದದ್ದು ಎಲ್ಲ ಹವೆಗೂ ಒಗ್ಗುವ ಸಾಧಾರಣ ಟೈರು. ಅದನ್ನು ತೆಗೆಸಿ ಓಟದ ಮೈದಾನದ ಟೈರು ಹಾಕಿಸುತ್ತಾಳೆ. ಬಿಸಿಲಲ್ಲಿ ಒಣ ರಸ್ತೆಯನ್ನು ಅದು ಹಿಡಿದುಕೊಂಡಂತೆ ಬೇರಾವುದೂ ಹಿಡಿಯದು. ಚಳಿಗೆ ರಬ್ಬರು ಗಟ್ಟಿಯಾಗುತ್ತದೆ. ನೀರನ್ನು ಸರಿಸುವ ಗೆರೆಗಳು ಅದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಯಾವ ಕಾನೂನಿಗೂ ಅದು ವಿರುದ್ಧವಲ್ಲ.

ಟೈರಿನಂಗಡಿ ನಡೆಸುವವಳು ದಪ್ಪನೆಯ, ಬಾಯಿತುಂಬ ಮಾತಿನ ಹೆಂಗಸು. ಗಂಡ ಕಾರನ್ನು ಮನೆಯಲ್ಲೇ ಬಿಟ್ಟು ಅಕ್ಕನ ಮನೆಗೆ ಹೋಗಿದ್ದ ದಿನ ವರ್ಕ್‌ಶಾಪಿನ ಜೊತೆಗಾರನೊಬ್ಬ ಅದನ್ನು ಅಂಗಡಿಗೆ ಓಡಿಸಿಕೊಂಡು ಬಂದು ಕೊಟ್ಟುಹೋದ.

"ಗಂಡನಿಗೆ ಟೈರ್ ಉಡುಗೊರೆ ಕೊಡೋರನ್ನ ಇವತ್ತೇ ನೋಡಿದ್ದು ಅಕ್ಕ. ನನ್ನ ಗಂಡನಿಗೆ ನಾನು ಪಂಕ್ಚರ್ ಕೂಡ ಹಾಕ್ಕೊಡಲ್ಲ" ಎಂದು ನಕ್ಕು, ಆಮೇಲೆ ಟೈರಿನ ಮೈ ಸವರುತ್ತ ಹೇಳಿದಳು, "ಆದ್ರೆ ಇದು ಬಿಸಿಲಿನ ಪ್ರಾಣಿ. ಚಳಿ ಮಳೇಲಿ ಸೋಪು. ದಿನದ ಓಡಾಟಕ್ಕಾ?"

"ಇಲ್ಲಪ್ಪ. ರಜಾದಿನ ಮೈದಾನಕ್ಕೆ ಹೋಗ್ತಾರೆ, ಅಲ್ಲಿಗೆ."

"ಹಾಗಾದ್ರೆ ಸರಿ. ಕಾರಿನ ಪರದೇಲಿ ಟೈರ್ ಯಾವ್ದು ಅಂತ ಬದಲಾಯಿಸ್ತೀನಿ ಇರಿ. ಆಗ ಚಳಿ ಇದ್ರೆ ಅದೇ ಹೇಳತ್ತೆ, ಹುಷಾರು ಅಂತ."

"ಅದನ್ನ ಮುಟ್ಟಬೇಡಿ. ಅವರಿಗೆ ಅಂಥದ್ದೆಲ್ಲ ತಾವೇ ಮಾಡ್ಬೇಕು. ಬೇರೆಯವರು ಕೈ ಹಾಕಿದ್ರೆ ಮನೆ ಹೊತ್ತಿ ಉರಿಯತ್ತೆ."

"ಎಲ್ಲ ಗಂಡಸರೂ ಒಂದೇ ಅಚ್ಚು ಬಿಡಿ" ಎಂದು ಟೈರಿನವಳು ಪರದೆಯನ್ನು ಮುಟ್ಟಲಿಲ್ಲ.

ಇದೊಂದೇ ಎಳೆ, ಅದೂ ಅವಳಿಗೆ ಗೊತ್ತಿತ್ತು. ಟೈರಿನವಳನ್ನು ಯಾರಾದರೂ ಕೂರಿಸಿ ಕೇಳಿದರೆ ಅವಳು ಎರಡು ಮಾತು ಹೇಳಬಹುದು. ಆದರೆ ಯಾರು ಕೇಳುತ್ತಾರೆ? ಮಳೆಯಲ್ಲಿ ವೇಗದ ಕಾರು ಓಡಿಸಿ ಸತ್ತವನ ಟೈರಿನಂಗಡಿ ಹುಡುಕಿಕೊಂಡು ಹೋಗುವಷ್ಟು ಪುರುಸೊತ್ತು ಲೋಕದಲ್ಲಿ ಯಾರಿಗೂ ಇಲ್ಲ.

ಗಂಡ ಟೈರು ನೋಡಿ ಮಗುವಿನಂತೆ ಕುಣಿದ. ಅವಳ ಕೆನ್ನೆಗೆ ಮುತ್ತಿಟ್ಟ. ಕೆನ್ನೆಯ ಆ ಒದ್ದೆ ತಾನೇ ಆರಲಿ ಎಂದು ಅವಳು ಬಿಟ್ಟಳು, ಒರೆಸಿದರೆ ಅನುಮಾನ ಬಂದೀತೆಂದು. ಕೆಲವು ವಾರ ಬಿಸಿಲಿತ್ತು. ಅವನು ತಿರುವುಗಳಲ್ಲಿ ದಿನದಿಂದ ದಿನಕ್ಕೆ ಧೈರ್ಯ ಕಲಿತ. ಅದು ಯೋಜನೆಯಲ್ಲೇ ಇತ್ತು. ನಂಬಿಕೆಗೂ ಒಣ ರಸ್ತೆ ಬೇಕು.

ಜಾಗವನ್ನೂ ಅವಳು ಯೋಚಿಸಿದ್ದಳು. ಅವನು ದಿನಾ ಇಳಿಯುವುದು ಜಲಾಶಯದ ರಸ್ತೆಯಲ್ಲಿ. ಅಲ್ಲೊಂದು ಉದ್ದನೆಯ ತಿರುವಿದೆ, ಬಂಡೆಯಿಂದ ನೀರು ಜಿನುಗುತ್ತದೆ, ತಡೆಗೋಡೆ ಹಳೆಯದು. ಮನೆಗಳಿಲ್ಲ, ನಡೆದುಹೋಗುವವರಿಲ್ಲ, ಸೈಕಲ್ಲಿನವರು ಆ ಏರನ್ನು ಹತ್ತುವುದಿಲ್ಲ. ಒಂದು ಭಾನುವಾರ ಅಲ್ಲಿಗೆ ನಡೆದುಹೋಗಿ ಕಲ್ಲಿನ ಮೇಲೆ ಕುಳಿತು ಬಹಳ ಹೊತ್ತು ನೋಡಿದ್ದಳು. ಇನ್ನೊಬ್ಬ ಹೊಲಿಗೆಯವಳು ಇರಬಾರದು. ಅಷ್ಟು ಮಟ್ಟಿಗೆ ತಾನು ಅವನಿಗಿಂತ ಶುಚಿ ಎಂದುಕೊಂಡಿದ್ದಳು.

ಚಳಿಗಾಲದ ಮೊದಲ ಮಳೆ ಬಂದ ಬೆಳಿಗ್ಗೆ ಅವನು ಮೊಟ್ಟೆ ತಿಂದು, ಹಳದಿ ಮೆತ್ತಿದ ತಟ್ಟೆಯಲ್ಲೇ ಕೈ ತೊಳೆದ. ಅವಳು ಬಾಗಿಲ ತನಕ ಹೋದಳು.

"ಮಳೆ ರೀ. ನಿಧಾನ ಹೋಗಿ. ಇಲ್ಲಾಂದ್ರೆ ಇವತ್ತು ಬಸ್ಸಲ್ಲಿ ಹೋಗಿ."

ಇದನ್ನು ಹೇಳಲೇಬೇಕೆಂದು ಅವಳು ಮೊದಲೇ ತೀರ್ಮಾನಿಸಿದ್ದಳು. ಎಚ್ಚರಿಸಿದ ಹೆಂಡತಿ ನಿರ್ದೋಷಿ. ಮೇಲಾಗಿ, ನಿಧಾನ ಎಂದರೆ ಅವನು ಏನು ಮಾಡುತ್ತಾನೆ ಎಂಬುದು ಇಷ್ಟು ವರ್ಷದ ಸಂಸಾರ ಕಲಿಸಿದ ಪಾಠ.

"ಡ್ರೈವರಮ್ಮ ನನಗೆ ಕಾರ್ ಓಡಿಸೋದು ಹೇಳ್ಕೊಡ್ತಾಳೆ" ಎಂದ ಅವನು. ತೇಗಿದ. 'ಆಟ'ದ ಗುಂಡಿ ಒತ್ತಿದಾಗ ಎದ್ದ ಎಂಜಿನ್ನಿನ ಸದ್ದು ಬಾಗಿಲ ತನಕ ಕೇಳಿಸಿತು.

ಸುದ್ದಿ ಬಂದಾಗ ಅವಳು ಯಾರೋ ಮುದುಕಿಯ ಬಲಗಣ್ಣಿನ ಗಾಜನ್ನು ಬೆಳಕಿಗೆ ಹಿಡಿದಿದ್ದಳು. ಅದನ್ನು ಬಟ್ಟೆಯ ಮೇಲೆ ಮೆಲ್ಲಗೆ ಇಟ್ಟಳು. ಗೀರು ಬೀಳಲಿಲ್ಲ.

ಆಮೇಲಿನ ದಿನಗಳು ಅವಳು ಎಣಿಸಿದಂತೆಯೇ ನಡೆದವು. ಅತ್ತಿಗೆ ಎದೆ ಬಡಿದುಕೊಂಡು ಅತ್ತಳು. "ಆ ನೀಲಿ ಪಿಶಾಚಿ ನನ್ನ ತಮ್ಮನ್ನ ನುಂಗಿತು" ಎಂದಳು. ಅವನ ಆಫೀಸಿನವರು ಹಾರ ತಂದು, ಇಂಥ ಕಾರುಗಳನ್ನೆಲ್ಲ ಸರ್ಕಾರ ನಿಲ್ಲಿಸಬೇಕು ಎಂದು ತಮ್ಮತಮ್ಮಲ್ಲಿ ಮಾತಾಡಿಕೊಂಡರು. ಯಾರೂ ಅವಳತ್ತ ಎರಡನೇ ಸಲ ನೋಡಲಿಲ್ಲ. ಅವಳು ಹಾಸಿಗೆಯ ಹೊದಿಕೆ, ದಿಂಬಿನ ಚೀಲ, ಊಟದ ಮೇಜಿನ ಬಟ್ಟೆ ಎಲ್ಲವನ್ನೂ ಬಿಸಿನೀರಲ್ಲಿ ನೆನೆಸಿದಳು. ಲ್ಯಾಪ್‌ಟಾಪಿನ ಕೀಲಿಗಳ ನಡುವಿನ ಕಿತ್ತಳೆಯ ಅಂಟನ್ನು ಗಾಜು ಒರೆಸುವ ದ್ರಾವಣದಲ್ಲಿ ಹತ್ತಿ ಅದ್ದಿ ಒಂದೊಂದಾಗಿ ತೆಗೆದಳು. ಒಂದು ಬೆಳಿಗ್ಗೆ ಎದ್ದಾಗ ತೊಡೆಯ ಮೇಲೆ ಆ ಬಿಸಿ ಇರಲಿಲ್ಲ. ಕುಳಿತು ಬಿಕ್ಕಿ ಬಿಕ್ಕಿ ಅತ್ತಳು. ಪಕ್ಕದ ಕೋಣೆಯಿಂದ ಅತ್ತಿಗೆ ಬಂದು ಮೊದಲ ಬಾರಿಗೆ ಅವಳ ತಲೆ ಸವರಿದಳು. ಅದೂ ಅಸಹ್ಯವೇ ಆಯಿತು, ಆದರೆ ಈ ಸಲ ಅಸಹ್ಯ ಯಾರ ಮೇಲೆಂದು ಸರಿಯಾಗಿ ತಿಳಿಯಲಿಲ್ಲ.

ಅತ್ತಿಗೆ ತನ್ನ ಮನೆಗೆ ಹೊರಟುಹೋದ ಮೇಲೆ ಅಪಘಾತ ವಿಭಾಗದ ಅಧಿಕಾರಿ ಬಂದ. ನರೆತ ಮೀಸೆಯ, ಮೆದುಮಾತಿನ ಮನುಷ್ಯ. ಚಪ್ಪಲಿ ಹೊರಗೆ ಬಿಟ್ಟು ಬಂದು, ಗಂಡನ ಕೈಗಡಿಯಾರ ಮತ್ತು ಪರ್ಸನ್ನು ಮೇಜಿನ ಮೇಲಿಟ್ಟ. ಅವಳು ಚಹಾ ಕೊಟ್ಟಳು.

"ಸಾಮಾನ್ಯವಾಗಿ ಇಂಥದ್ದನ್ನ ನಾವು ಒಂದೇ ದಿನದಲ್ಲಿ ಮುಗಿಸ್ತೀವಿ ಅಮ್ಮ. ಜೋರು ಕಾರು, ಜೋರು ಮಳೆ. ನೋಡೋಕೇನೂ ಇರಲ್ಲ."

"ಅವರು ಸ್ವಲ್ಪ ಜೋರಾಗೇ ಓಡಿಸ್ತಿದ್ರು" ಎಂದಳು ಅವಳು. ಧ್ವನಿ ಸರಿಯಾದ ಜಾಗದಲ್ಲಿ ಸರಿಯಾದಷ್ಟೇ ನಡುಗಿತು. "ಹೇಳಿದ್ರೆ ಕೇಳ್ತಿರ್ಲಿಲ್ಲ. ಅವತ್ತೂ ಹೇಳಿದೆ, ನಿಧಾನ ಹೋಗಿ ಅಂತ."

"ನೀವು ಹಾಗಂತೀರಿ." ಅಧಿಕಾರಿ ಚಹಾದ ಲೋಟವನ್ನು ತಿರುಗಿಸಿದ. "ಅದೇ ನಮಗೆ ಹೊಂದ್ತಿಲ್ಲ."

"ಯಾಕೆ?"

ಅವನು ನೋಯಿಸಲು ಇಷ್ಟವಿಲ್ಲದವನಂತೆ ಲೋಟದ ಕಡೆ ನೋಡುತ್ತಲೇ ಹೇಳಿದ: "ಜೀವಮಾನವೆಲ್ಲ ಊರೂರು ಸುತ್ತಿದ ಮನುಷ್ಯ, ಅವರ ಹೆಸರಲ್ಲಿ ಒಂದು ದಂಡ ಇಲ್ಲ, ಒಂದು ಗೀರಿಲ್ಲ. ಈ ಮನೇಲಿ ಅಪಘಾತ ಅಂತ ಆಗಿರೋದು ಒಂದೇ, ಅದು ನಿಮ್ಮ ಹೆಸರಲ್ಲಿದೆ. ಬೇಜಾರು ಮಾಡ್ಕೋಬೇಡಿ. ಅಷ್ಟು ಎಚ್ಚರದ ಡ್ರೈವರು ದಿನಾ ಹೋಗೋ ತಿರುವಲ್ಲಿ ಜಾರಿದ್ದಾರೆ ಅಂದ್ರೆ ತಪ್ಪು ಅವರದ್ದಲ್ಲ, ಕಾರಲ್ಲೇ ಏನೋ ಇದೆ ಅಂತ ನಮ್ಮ ಸಾಹೇಬರು ಪೂರ್ತಿ ಬಿಚ್ಚಿಸ್ತಿದ್ದಾರೆ. ಟೈರಿಂದ ಶುರು." ಅವಳ ಬಾಯಿ ತೆರೆಯಿತು. ಗಂಡ ಎಚ್ಚರದ ಡ್ರೈವರಲ್ಲ, ಬೇಕರಿಯ ತಿರುವಿನಲ್ಲಿ ಓಡಿಸುತ್ತಿದ್ದವನು ಅವನೇ, ಆ ಹೊಲಿಗೆಯವಳ ಕಾಲು ಮುರಿದದ್ದು ಅವನೇ: ಎರಡು ವರ್ಷದಿಂದ ಗಂಟಲಲ್ಲಿ ಕಾದಿದ್ದ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಹೇಳಿದರೆ ಕೊಲ್ಲಲು ಕಾರಣವಿದ್ದ ಹೆಂಡತಿಯನ್ನು ತಾನೇ ಈ ಮನುಷ್ಯನಿಗೆ ತೋರಿಸಿಕೊಟ್ಟಂತೆ. ಹೇಳದಿದ್ದರೆ ಅವನು ಇಲ್ಲಿಂದ ನೇರ ಟೈರಿನವಳ ಹತ್ತಿರ ಹೋಗುತ್ತಾನೆ. ಗಂಡ ಕೆಟ್ಟ ಡ್ರೈವರೆಂದು ಇಡೀ ಲೋಕಕ್ಕೆ ಗೊತ್ತಿದೆ ಎಂದು ಅವಳು ನಂಬಿದ್ದಳು. ಅದು ಗೊತ್ತಿದ್ದದ್ದು ಅವಳೊಬ್ಬಳಿಗೆ, ಲೋಕದಿಂದ ಅದನ್ನು ಮುಚ್ಚಿಟ್ಟವಳೂ ಅವಳೇ. ಅಧಿಕಾರಿ ಚಹಾ ಮುಗಿಸಿ, ಮೀಸೆ ಒರೆಸಿಕೊಂಡು, ಜೇಬಿನಿಂದ ಪೆನ್ನು ತೆಗೆದ. "ಟೈರ್ ಹಾಕಿಸಿದ್ದು ಎಲ್ಲಿ ಅಂತ ನೆನಪಿದೆಯಾ ಅಮ್ಮ?"